ಜಿಯಾ ಮಾಸ್ಟರ ಕಾರಿನ ಒಳಹೊದಿಕೆ

ಹಲಸೂರಿನ ಜಿಯಾವುಲ್ಲಾ ಇಪ್ಪತ್ತಾರು ವರ್ಷಗಳಿಂದ ಕಾರು ಕಲಿಸುತ್ತಿದ್ದಾರೆ, ಅದೂ ಒಂದೇ ಕಾರಿನಲ್ಲಿ. ಶಿಷ್ಯರು ಸ್ಪೀಡೋಮೀಟರಿನತ್ತ ಕಣ್ಣು ಹಾಯಿಸಿದರೆ ಅವರಿಗೆ ಕೋಪ. "ಕಣ್ಣು ರಸ್ತೆಗೆ, ಕಿವಿ ಇಂಜಿನ್ನಿಗೆ" ಎನ್ನುತ್ತಾರೆ. ಇಂಜಿನ್ನು ಗೊಣಗಿದರೆ ಗೇರು ಇಳಿಸಬೇಕು, ಅತ್ತರೆ ಏರಿಸಬೇಕು. ಪಾಠವೆಂದರೆ ಇಷ್ಟೇ. ಇಷ್ಟನ್ನೇ ಕಲಿತವರು ಇಂದು ಕೆ.ಆರ್. ಪುರದ ತನಕ ಕ್ಯಾಬು, ಟೆಂಪೋ, ಶಾಲೆಯ ವ್ಯಾನುಗಳನ್ನು ಓಡಿಸುತ್ತಿದ್ದಾರೆ.

ಧನಲಕ್ಷ್ಮಿ ಮಾತ್ರ ಎರಡು ಸಲ ಟೆಸ್ಟಿನಲ್ಲಿ ಫೇಲಾಗಿದ್ದರು. ರಾಮಮೂರ್ತಿ ನಗರದಲ್ಲಿ ಬ್ಲೌಸು ಹೊಲಿಯುವ ಅಂಗಡಿ ಇಟ್ಟುಕೊಂಡಿರುವ, ಐವತ್ತು ದಾಟಿದ ಹೆಂಗಸು. ಮೂರನೇ ಟೆಸ್ಟಿಗೆ ಇನ್ನೊಂದು ವಾರವಿತ್ತು. ಏಪ್ರಿಲ್ ಬಿಸಿಲಿಗೆ ಅವರು ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡರು.

"ಮಾಸ್ಟ್ರೇ, ಇದು ಕಾರೋ ಇಡ್ಲಿ ಪಾತ್ರೆನೋ? ಬೇಯ್ತಾ ಬೇಯ್ತಾ ಏನ್ ಕಲೀಲಿ? ಈ ಸಲಾನೂ ಫೇಲಾದ್ರೆ ಏಸಿ ಕಾರಿರೋ ಸ್ಕೂಲಿಗೆ ಹೋಗ್ಬಿಡ್ತೀನಿ. ಬೇಜಾರ್ ಮಾಡ್ಕೋಬೇಡಿ."

ಜಿಯಾವುಲ್ಲಾ ನಕ್ಕರು. ಆದರೆ ಮಾತು ಎದೆಗೆ ನಾಟಿತ್ತು. ಅವರ ಪಾಠವನ್ನು ಅರ್ಧಕ್ಕೆ ಬಿಟ್ಟು ಹೋದವರು ಆವರೆಗೆ ಒಬ್ಬರೂ ಇರಲಿಲ್ಲ.

ಮಾರನೆಯ ದಿನವೇ ಶಿವಾಜಿನಗರಕ್ಕೆ, ಸೀಟು ಕವರಿನ ಹಸನ್ ಬಳಿಗೆ ಹೋದರು. ಹಸನ್ ಬಿಸಿ ತಡೆಯುವ ಒಳಹೊದಿಕೆಯ ನಾಲ್ಕು ತುಂಡುಗಳನ್ನು ಮುಂದಿಟ್ಟ: ನಾರಿನ ಫೆಲ್ಟು, ಕಪ್ಪು ಸ್ಪಂಜು, ಬೆಳ್ಳಿ ಹಾಳೆ ಮೆತ್ತಿದ ತೆಳು ಫೋಮು, ಡಾಂಬರಿನಂತೆ ಅಂಟುವ ದಪ್ಪ ರಬ್ಬರು ಶೀಟು.

"ಫೆಲ್ಟು ಬೇಡ ಚಾಚಾ. ಮಳೇಲಿ ಒಂದ್ಸಲ ಮಹದೇವಪುರದ ಕಡೆ ಹೋಗಿ ಬನ್ನಿ, ನೀರು ಕುಡಿದು ಕೂತ್ಬಿಡುತ್ತೆ. ಆಮೇಲೆ ಕಾರ್ ತುಂಬಾ ಒದ್ದೆ ನಾಯಿ ವಾಸನೆ."

ಉಳಿದ ಮೂರರಲ್ಲಿ ಯಾವುದು? ಜಿಯಾವುಲ್ಲಾ ಬರೀ ಮಾತಿಗೆ ಒಪ್ಪುವವರಲ್ಲ. ಅಂಗಡಿಯ ನೆರಳಿನಲ್ಲಿ ನಿಂತಿದ್ದ ಕಾರಿನ ಬಾನೆಟ್ಟು ಇಂಜಿನ್ನಿನಿಂದ ಇನ್ನೂ ಸುಡುತ್ತಿತ್ತು. ಮೂರು ತುಂಡುಗಳನ್ನೂ ಅದರ ಮೇಲಿಟ್ಟು, ಪಕ್ಕದ ಹೋಟೆಲಿನಿಂದ ತರಿಸಿದ ಬೆಣ್ಣೆಯನ್ನು ಒಂದೊಂದರ ಮೇಲೂ ಕಡಲೆಕಾಳಿನಷ್ಟು ಇಟ್ಟು, ಕೈಗಡಿಯಾರ ನೋಡುತ್ತಾ ನಿಂತರು. ರಬ್ಬರಿನ ಮೇಲಿನದು ಮೊದಲು ಕರಗಿತು, ಫೋಮಿನದು ಆಮೇಲೆ. ಅಷ್ಟರಲ್ಲಿ ಕಾಗೆಯೊಂದು ಬಂದು ಬರಿಯ ತಗಡಿನ ಮೇಲೆ ಇಳಿಯಿತು. ಕಾಲು ಸುಟ್ಟು ರಬ್ಬರಿಗೆ ಹಾರಿತು. ಅಲ್ಲಿಂದಲೂ ಹಾರಿ, ಕೊನೆಗೆ ಸ್ಪಂಜಿನ ಮೇಲೆ ನೆಮ್ಮದಿಯಾಗಿ ನಿಂತು ಬೆಣ್ಣೆ ಮುಗಿಸಿತು.

"ಕಾಗೇನೇ ಪಾಸ್ ಮಾಡ್ತಲ್ಲಾ ಚಾಚಾ! ಶಾಖಕ್ಕೆ ಸ್ಪಂಜು. ರಬ್ಬರ್ ಇರೋದು ಸದ್ದಿಗೆ. ಅದನ್ನೂ ಹಾಕ್ತೀನಿ."

"ಸದ್ದಿನ ಮಾತು ಯಾರು ಎತ್ತಿದ್ರೋ?"

"ಸೀಟು, ಮ್ಯಾಟು ಎಲ್ಲಾ ಬಿಚ್ಚಿ ಅರ್ಧಂಬರ್ಧ ಕೆಲಸ ಯಾಕೆ?"

ಅರ್ಧಂಬರ್ಧ ಎಂದರೆ ಜಿಯಾವುಲ್ಲಾರಿಗೆ ಆಗದು. ಹೂಂ ಎಂದುಬಿಟ್ಟರು.

ಎರಡು ದಿನದಲ್ಲಿ ಚಾವಣಿ, ಬಾಗಿಲು, ನೆಲ, ಇಂಜಿನ್ನಿಗೂ ಕಾಲಿಗೂ ನಡುವಿನ ತಗಡು, ಎಲ್ಲದಕ್ಕೂ ಹೊದಿಕೆ ಬಿತ್ತು. ಧನಲಕ್ಷ್ಮಿ ಒಳಗೆ ಕೂತು, "ಅಯ್ಯೋ, ಬೇವಿನ ಮರದ ಕೆಳಗೆ ಕೂತಂಗಿದೆ!" ಎಂದರು. ಕಾರು ಹೊರಟಿತು. ಹಲಸೂರು ಕೆರೆಯ ಪಕ್ಕಕ್ಕೆ ಬಂದರೂ ಮೊದಲನೇ ಗೇರಿನಲ್ಲೇ ಇತ್ತು.

"ಮಾಸ್ಟ್ರೇ, ಇನ್ನೂ ಅಳ್ಲಿಲ್ವಲ್ಲಾ?"

ಜಿಯಾವುಲ್ಲಾ ಕಿವಿಗೊಟ್ಟರು. ಏನೂ ಇಲ್ಲ. ಪಕ್ಕಕ್ಕೆ ಬಂದ ಆಟೋದವನು ತಲೆ ಹೊರಹಾಕಿ ಕೂಗಿದ: "ಸೆಕೆಂಡ್ ಹಾಕಮ್ಮಾ! ಗಾಡಿ ಬಾಯ್ ಬಡ್ಕೋತಾ ಐತೆ! ಏನ್ ಗುರು, ಹಿಂಗಾ ಕಲ್ಸೋದು?"

ಜಿಯಾವುಲ್ಲಾರ ಮುಖ ಕೆಂಪೇರಿತು. ಅವರಿಗೂ ಕೇಳಿಸಿರಲಿಲ್ಲ. ಟೆಸ್ಟಿಗೆ ಉಳಿದದ್ದು ಮೂರು ದಿನ.

ನೇರ ಶಿವಾಜಿನಗರಕ್ಕೆ ವಾಪಸ್ಸು. "ಕಾಲಿನ ಮುಂದಿರೋ ರಬ್ಬರನ್ನ ಕಿತ್ತಾಕು."

"ಅದು ಕಿತ್ತು ಬರೋ ಮಾಲಲ್ಲ ಚಾಚಾ!" ಹಸನ್‌ಗೆ ಅಳುವೇ ಬಂತು. ಆದರೂ ಬಿಸಿಗಾಳಿ ಹಾಯಿಸಿ, ಅಂಗೈಯಗಲ ಅಂಗೈಯಗಲ ಕೆರೆದು ತೆಗೆದ. ಜಿಯಾವುಲ್ಲಾ ಕಣ್ಣು ಮುಚ್ಚಿ ಒಳಗೆ ಕೂತು ಆಕ್ಸಿಲರೇಟರ್ ಒತ್ತುತ್ತಾ, "ಇನ್ನೂ ಸ್ವಲ್ಪ... ಇನ್ನೂ..." ಎನ್ನುತ್ತಿದ್ದರು. ಆರನೇ ತುಂಡಿಗೆ ಇಂಜಿನ್ನು ಗೊಣಗುವುದು ಕೇಳಿಸಿತು, ಒಂಬತ್ತನೆಯದಕ್ಕೆ ಅಳುವುದೂ. ಖಾಲಿಯಾದ ಜಾಗಕ್ಕೆ ಬೆಳ್ಳಿ ಹಾಳೆಯ ತೆಳು ಫೋಮು ಹಾಕಿಸಿದರು. ಕಾಲಿಗೆ ಬಿಸಿ ಅಷ್ಟಾಗಿ ತಟ್ಟಲಿಲ್ಲ, ಸದ್ದೂ ಬಂತು. ಚಾವಣಿಯ ಸ್ಪಂಜನ್ನು ಮುಟ್ಟಗೊಡಲಿಲ್ಲ.

ಟೆಸ್ಟಿನ ದಿನ ಇನ್ಸ್‌ಪೆಕ್ಟರು ಧನಲಕ್ಷ್ಮಿಯ ಪಕ್ಕ ಕೂತರು. ಜಿಯಾವುಲ್ಲಾ ಬೇಲಿಯ ಹೊರಗೆ ನಿಂತರು. ಕಾರು ಹೊರಟು ವೇಗ ಹಿಡಿದು ಅಳತೊಡಗಿತು. "ಹಾಕಿ" ಎನ್ನಲು ಅವರು ಬಾಯಿ ತೆರೆಯುವಷ್ಟರಲ್ಲಿ ಗೇರು ಬಿದ್ದಾಗಿತ್ತು. ತಿರುವಿನಲ್ಲಿ ಗೊಣಗಿತು, ತಕ್ಷಣ ಇಳಿಯಿತು. ತೆರೆದ ಬಾಯಿಯನ್ನು ಅವರು ಮೆಲ್ಲಗೆ ಮುಚ್ಚಿಕೊಂಡರು.

ಪಾಸಾದ ಧನಲಕ್ಷ್ಮಿ ಸ್ಟೇರಿಂಗ್ ಬಿಟ್ಟು ಏಳಲಿಲ್ಲ.

"ಹಿಂದೆ ಕೂತ್ಕೊಳ್ಳಿ ಮಾಸ್ಟ್ರೇ. ಪಕ್ಕದಲ್ಲಿದ್ರೆ ನಿಮ್ಮ ಕಾಲು ಆ ಕಡೆ ಇರೋ ಮಾಸ್ಟ್ರ ಬ್ರೇಕ್ ಮೇಲೇ ಇರುತ್ತೆ. ಇವತ್ತು ನಿಮ್ಮನ್ನ ಮನೆಗೆ ಬಿಡೋದು ನಾನು."

ಇಪ್ಪತ್ತಾರು ವರ್ಷಗಳಲ್ಲಿ ಮೊದಲ ಬಾರಿಗೆ ಜಿಯಾವುಲ್ಲಾ ತಮ್ಮದೇ ಕಾರಿನ ಹಿಂದಿನ ಸೀಟಿನಲ್ಲಿ ಕೂತರು. ಅಲ್ಲಿನ ಎಡಗಡೆಯ ಸ್ಪ್ರಿಂಗು ಚುಚ್ಚುತ್ತದೆಂದು ಅವರಿಗೆ ಗೊತ್ತಾದದ್ದೇ ಅಂದು. ಇಂದಿರಾನಗರ ದಾಟುವವರೆಗೂ ಅವರು ಆ ಮಾತು ಎತ್ತಲಿಲ್ಲ.