ಗುಳಿಗೆಗಿಂತ ಮೊದಲು

ಅತ್ತೆ ಅರ್ಧ ರೊಟ್ಟಿ ಬಿಟ್ಟು ಎದ್ದರು.

ತಾಟಿನಲ್ಲಿ ಚೂರು ಉಳಿಸಿದರೂ ಯಾರನ್ನೂ ಬಿಡದೆ ಬೈಯುವ ಹೆಂಗಸು ಅವರು. "ಹೊಟ್ಟಿ ತುಂಬೇತಿ" ಅಂದರು. ಹದಿನೈದು ದಿನದೊಳಗೆ ಹುಬ್ಬಳ್ಳಿಯ ಡಾಕ್ಟರು ಸ್ಕ್ಯಾನ್ ನೋಡಿ, ನನ್ನ ಗಂಡನನ್ನು ಪಕ್ಕಕ್ಕೆ ಕರೆದರು. ಹೊಟ್ಟೆಯ ಕ್ಯಾನ್ಸರ್ ಲಿವರಿಗೂ ಹಬ್ಬಿತ್ತು. ಇನ್ನು ಮನೆಯಲ್ಲೇ ನೋವಾಗದಂತೆ ನೋಡಿಕೊಳ್ಳಿ ಅಂದರಂತೆ.

ದಾಂಡೇಲಿಗೆ ಕರೆತಂದೆವು. ಗಂಡ ಪೇಪರ್ ಮಿಲ್ಲಿನ ಫಸ್ಟ್ ಶಿಫ್ಟಿಗೆ ಹೋದರೆ ಮನೆಯಲ್ಲಿ ಅತ್ತೆ, ನಾನು, ಇಬ್ಬರೇ. ಬೆಳಗಿನ ಆರರ ಮಾರ್ಫಿನ್ ಗುಳಿಗೆ ತಪ್ಪಬಾರದು ಎಂದು ಡಾಕ್ಟರು ಹೇಳಿದ್ದರು. ಆದರೆ ಮೈ ತೊಳೆದು, ಕೊರಳಿನ ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜಿಸದೆ ಅತ್ತೆ ಹನಿ ನೀರೂ ಕುಡಿಯುವವರಲ್ಲ. ಮೈ ಒರೆಸಿ, ಸೀರೆ ಸುತ್ತಿ, ವಿಭೂತಿ ಹಚ್ಚಿ ಮುಗಿಸುವಷ್ಟರಲ್ಲಿ ಏಳೂವರೆ. ಅಲ್ಲಿಯವರೆಗೆ ಹಲ್ಲು ಕಚ್ಚಿ ನರಳುತ್ತಿದ್ದರು.

ನಾನೇನು ಶಾಂತಮೂರ್ತಿಯಲ್ಲ. ಒಂದು ದಿನ ರೇಗಿಯೇಬಿಟ್ಟೆ.

"ಒಂದ್ ಗುಳಿಗಿ ಮೊದಲ ನುಂಗಿದ್ರ ಶಿವ ಸಿಟ್ಟಾಗ್ತಾನೇನ್ರಿ ಅತ್ತಿ?"

"ಅವ ಯಾಕ ಸಿಟ್ಟಾಗ್ತಾನ? ನೀ ಆಗೀಯಲ್ಲ, ಸಾಕು."

ನಗು ಬಂತು. ಒಳಗೆ ಹೋಗಿ ಕಣ್ಣೀರು ಹಾಕಿದೆ.

ಮರುದಿನದಿಂದ ನಾಲ್ಕೂವರೆಗೇ ಎದ್ದು ಬಿಸಿನೀರು ಇಟ್ಟೆ. ಆರಕ್ಕೆ ಪೂಜೆ ಮುಗಿಯತೊಡಗಿತು. ಬರಬರುತ್ತ ಅವರ ಕೈ ನಡುಗಿ ಲಿಂಗ ಜಾರುವಂತಾದಾಗ, ಆ ಕೈಯ ಕೆಳಗೆ ನನ್ನ ಕೈ ಕೊಟ್ಟು ಕೂತೆ. ಈ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತು ವರ್ಷ. ಸಾಸಿವೆಯಷ್ಟು ವಿಷಯಕ್ಕೂ ಜಗಳವಾಡಿದ್ದೇವೆ, ಹೀಗೆ ಕೈ ಹಿಡಿದು ಎಂದೂ ಕೂತಿರಲಿಲ್ಲ.

ಮೂರು ತಿಂಗಳು ಹೀಗೇ ನಡೆಯಿತು. ಒಂದು ಮುಂಜಾನೆ ನೀರು ತರುವ ಮೊದಲೇ ಕರೆದರು.

"ಗುಳಿಗಿ ಮೊದಲ ಕೊಡವಾ. ಪೂಜಿ ಆಮ್ಯಾಲ."



ನಾನು ಜಗಳವಾಡಿ ಕೇಳಿದ್ದು ಇದನ್ನೇ. ಈಗ ಅವರೇ ಹೇಳಿದಾಗ, ಇನ್ನು ಹೆಚ್ಚು ದಿನ ಇಲ್ಲ ಎಂದು ತಿಳಿದುಹೋಯಿತು. ಗುಳಿಗೆ ನುಂಗಿಸಿದೆ. ನೋವು ಇಳಿದ ಮೇಲೆ ಮೈ ಒರೆಸಿ, ಮಡಚಿದ ಬೆರಳು ಬಿಡಿಸಿ ಲಿಂಗ ಇಟ್ಟು, ಕೆಳಗೆ ನನ್ನ ಕೈ ಹಿಡಿದೆ. ಅದನ್ನೇ ದಿಟ್ಟಿಸಿದರು. ಆಮೇಲೆ ನನ್ನನ್ನು.

"ಪೂಜಿ ಆತು. ಇನ್ನರ ಚಾ ಕುಡಿ ಹೋಗು. ದಿನಾ ನನ್ನ ಸಲುವಾಗಿ ಉಪಾಸ ಇರ್ತಿ, ನಾ ನೋಡಿಲ್ಲ ಅನ್ಕೊಂಡಿ ಏನ?"

ಎರಡು ದಿನ ಬಿಟ್ಟು ಹೋದರು, ನರಳದೆ. ಅಷ್ಟಾದರೂ ಆಯಿತಲ್ಲ ಎಂದು ಶಿವನಿಗೆ ಕೈ ಮುಗಿದಿದ್ದೇನೆ. ನಮ್ಮ ಪದ್ಧತಿಯಂತೆ ಕೂರಿಸಿ, ಎಡ ಅಂಗೈಯಲ್ಲಿ ಲಿಂಗವಿಟ್ಟು ಮಣ್ಣು ಮಾಡಿದರು.

ಆ ಕೈಯ ಕೆಳಗೆ ನನ್ನ ಕೈ ಇರಲಿಲ್ಲ.