ಊಟದ ಬದಲಿಗೆ ಒಂದು ಚಮಚ

ನನ್ನ ಹೊಟ್ಟೆ ಬೆಳೆದಿದೆಯೆಂದು ನನಗೆ ತಿಳಿಸಿದ್ದು ಕನ್ನಡಿಯಲ್ಲ, ಮಗ್ಗ. ಇಳಕಲ್ಲಿನ ನೇಕಾರರ ಮನೆಯಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ನಮ್ಮದು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತರೆ, ನೇಯ್ದ ಸೀರೆ ಸುತ್ತಿಕೊಳ್ಳುವ ಮರ ಸರಿಯಾಗಿ ಹೊಟ್ಟೆಯ ಮುಂದೆ ಬರುತ್ತದೆ. ಮರಕ್ಕೂ ಹೊಟ್ಟೆಗೂ ನಡುವೆ ನಾಲ್ಕು ಬೆರಳು ಜಾಗ ಇರಬೇಕು. ನಮ್ಮಪ್ಪ ಸಾಯುವತನಕ ಆ ನಾಲ್ಕು ಬೆರಳನ್ನು ಕಾಪಾಡಿಕೊಂಡು ಬಂದಿದ್ದ. ನಾನು ಹುನಗುಂದದ ಕಚೇರಿಯೊಂದರಲ್ಲಿ ಕಾರಕೂನನಾಗಿ, ಏಳು ವರ್ಷ ಕುರ್ಚಿಯ ಮೇಲೆ ಕೂತು ಅದನ್ನು ಕಳೆದುಬಿಟ್ಟೆ.

ಆಗ ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಮಗ್ಗಕ್ಕೆ ಕೂಡುತ್ತಿದ್ದವಳು ನನ್ನ ಹೆಂಡತಿ ಗಂಗವ್ವ. ಎರಡನೆಯ ಹೆರಿಗೆಯಾಗಿ ಐದು ತಿಂಗಳಾಗಿತ್ತು, ಮೈಯಲ್ಲಿ ಎಲುಬು ಬಿಟ್ಟರೆ ಹೆಚ್ಚೇನೂ ಉಳಿದಿರಲಿಲ್ಲ. ಒಂದು ಭಾನುವಾರ ಅವಳಿಗೆ ತಲೆ ತಿರುಗಿತು. ಅರ್ಧವಾದ ಸೀರೆಯನ್ನು ನಾನೇ ಮುಗಿಸುತ್ತೇನೆಂದು ಗತ್ತಿನಿಂದ ಕುಣಿಗೆ ಇಳಿದೆ. ಮರ ಹೊಟ್ಟೆಗೆ ಒತ್ತಿ ಉಸಿರು ಸಿಕ್ಕಿಕೊಂಡಿತು. ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯ ಸಂಗಪ್ಪ ಕಾಕಾ ಬಹಳ ಗಂಭೀರವಾಗಿ, "ತಮ್ಮಾ, ಮಗ್ಗ ಹಿಂದಕ ಸರಸೂಣೋ, ಗ್ವಾಡಿ ಒಡಿಯೂಣೋ?" ಎಂದು ಕೇಳಿದ. ಓಣಿಗೆ ಅಷ್ಟು ಸಾಕಾಯಿತು. ಒಂದು ವಾರ ಯಾರ ಮುಂದೆ ಹಾದರೂ ಗ್ವಾಡಿಯ ಸಮಾಚಾರ ವಿಚಾರಿಸುತ್ತಿದ್ದರು.

ಇಬ್ಬರೂ ಬಾಗಲಕೋಟೆಗೆ ಹೋದೆವು. ದವಾಖಾನೆಯ ಡಾಕ್ಟರು ಗಂಗವ್ವನ ಕಣ್ಣರೆಪ್ಪೆ ಎಳೆದು ನೋಡಿ ಹೇಳಿದರು: "ಈಕಿ ಮೈಯಾಗ ಕಸುವಿಲ್ಲ. ಬ್ಯಾಳಿ, ಕಾಳು ಹೊಟ್ಟಿತುಂಬ ತಿನ್ನಲಿ. ಈ ಪ್ರೋಟೀನ್ ಪುಡಿ ಮುಂಜಾನಿ ಸಂಜಿ ಹಾಲಿನಾಗ ಕೊಡ್ರಿ." ಆ ಕಾಲದಲ್ಲಿ ಆ ಪುಡಿ ಬಾಣಂತಿಯರದು, ಜ್ವರ ಬಿಟ್ಟೆದ್ದವರದು, ತಗಡಿನ ಡಬ್ಬಿಯಲ್ಲಿ ಔಷಧದ ಅಂಗಡಿಯಲ್ಲಷ್ಟೇ ಸಿಗುತ್ತಿತ್ತು. ನಾನು ನಾಚಿಕೆ ಬಿಟ್ಟು ನನ್ನ ಹೊಟ್ಟೆಗೂ ಏನಾದರೂ ಔಷಧವಿದೆಯೇ ಎಂದು ಕೇಳಿದೆ. ಅವರು ನಕ್ಕರು. "ನೀವು ಊಟ ಕಡಿಮಿ ಮಾಡ್ರಿ, ದಿನಾ ನಡೀರಿ. ಬೇಕಂದ್ರ ರಾತ್ರಿ ಊಟದ ಬದ್ಲಿ ಅದೇ ಪುಡಿ ಒಂದು ಚಮಚಿ ಮಜ್ಜಿಗ್ಯಾಗ ಕಲಿಸಿ ಕುಡೀರಿ."

ಮನುಷ್ಯನ ಕಿವಿ ವಿಚಿತ್ರ ಜರಡಿ. "ದಿನಾ ನಡೀರಿ" ಎಂಬುದು ದವಾಖಾನೆಯ ಮೆಟ್ಟಿಲಲ್ಲೇ ಉಳಿಯಿತು. "ಊಟದ ಬದ್ಲಿ" ಎಂಬುದು ಹುನಗುಂದ ದಾಟುವುದರೊಳಗೆ ಬಸ್ಸಿನ ಕಿಟಕಿಯಿಂದ ಹಾರಿಹೋಯಿತು. ಇಳಕಲ್ಲಿಗೆ ಬಂದು ಮುಟ್ಟಿದ್ದು ಪುಡಿ ಒಂದೇ.

ಮನೆಯಲ್ಲಿ ಅವ್ವ ಅದಕ್ಕೊಂದು ಶಾಸ್ತ್ರ ಜೋಡಿಸಿದಳು. ದವಾಖಾನೆಯಿಂದ ಬಂದದ್ದೆಲ್ಲ ಉಷ್ಣ ಎಂಬುದು ನಮ್ಮ ಓಣಿಯ ಸಿದ್ಧಾಂತ. "ಬರೇ ಹೊಟ್ಟೀಲೆ ಕುಡದ್ರ ಕರಳು ಸುಡತಾವು. ಮ್ಯಾಲ ಎರಡು ರೊಟ್ಟಿ, ತುಪ್ಪ, ಕೆನಿಮೊಸರು ಬೀಳಬೇಕು" ಎಂದಳು. ಬಿದ್ದವು. ಗಂಟುಗಂಟಾಗುತ್ತಿದ್ದ ಪುಡಿಯನ್ನು ಕಡಗೋಲಿನಿಂದ ಕಡೆದು, ಬೆಲ್ಲ ಹಾಕಿ ಕುಡಿದು, ಅದರ ಉಷ್ಣ ಇಳಿಯಲೆಂದು ಎಂದಿನ ಊಟ ಮಾಡಿ, ಕೊಬ್ಬು ಕರಗುವ ಸದ್ದಿಗಾಗಿ ಕಿವಿಗೊಟ್ಟು ಮಲಗುತ್ತಿದ್ದೆ.

ಗಂಗವ್ವ ನಾಲ್ಕು ದಿನ ಕುಡಿದಳು. ಐದನೆಯ ದಿನ ಡಬ್ಬಿಯೊಳಗೆ ಚಮಚ ತಳ ಮುಟ್ಟಿದ ಸದ್ದು ಇಬ್ಬರಿಗೂ ಕೇಳಿತು. "ನಿನಗ ಸೇರತೈತೇನು ಇದು?" ಎಂದೆ. ಆ ಪ್ರಶ್ನೆಯನ್ನು ನಾನು ಯಾವ ದನಿಯಲ್ಲಿ ಕೇಳಿದೆನೆಂದು ಈಗ ನೆನೆದರೆ ನನ್ನ ಮೇಲೆ ನನಗೇ ಹೇಸಿಕೆ ಬರುತ್ತದೆ. "ವಾಸನಿ ಬರತೈತ್ರಿ, ನೀವ ತೊಗೋರಿ" ಎಂದಳು. ನಾನು ನಂಬಿದೆ. ನಂಬುವುದು ಅನುಕೂಲವಾಗಿತ್ತು. ನಮ್ಮಲ್ಲಿ ಗಂಡಸರು ಉಂಡೆದ್ದ ಮೇಲೆ ಹೆಂಗಸರು ಕೂಡುವ ಪದ್ಧತಿ; ಪುಡಿಯೂ ಆ ಪದ್ಧತಿಗೆ ಸೇರಿಕೊಂಡಿತು. ಎರಡನೆಯ ಡಬ್ಬಿ ಪೂರ್ತಿ ನನ್ನದೇ.

ಬಾದಾಮಿಯ ಗುಹೆಗಳಿಗೆ ಹೋದವರು ದೇವರನ್ನಷ್ಟೇ ನೋಡಿ ಬರುತ್ತಾರೆ. ಕೆಳಗಿನ ಪಟ್ಟಿಯನ್ನು ನೋಡಬೇಕು. ಅಲ್ಲಿ ಗಿಡ್ಡ ಕಾಲಿನ ಡೊಳ್ಳುಹೊಟ್ಟೆಯ ಗಣಗಳು ಸಾಲಾಗಿ ಕುಣಿಯುತ್ತಿವೆ, ಮೇಲಿನ ಭಾರವೆಲ್ಲ ಅವುಗಳ ತಲೆಯ ಮೇಲಿದೆ. ಶಿಲ್ಪಿಗೆ ನ್ಯಾಯ ಗೊತ್ತಿತ್ತು: ತಿಂದವನು ಹೊರಲಿ. ನಮ್ಮ ಮನೆಯನ್ನು ಕೆತ್ತಿದವನಿಗೆ ಅದು ಗೊತ್ತಿರಲಿಲ್ಲ. ಡೊಳ್ಳುಹೊಟ್ಟೆಯದು ಮೇಲೆ ಕೂತಿತ್ತು, ಬಡಕಲು ಜೀವ ಕೆಳಗೆ ಕುಣಿಯಲ್ಲಿ ಕೂತು ಹೊರುತ್ತಿತ್ತು.

ಮೂರು ತಿಂಗಳಿಗೆ ಗಂಗವ್ವ ಲಾಳಿ ಹಿಡಿದುಕೊಂಡೇ ಮಗ್ಗದ ಮೇಲೆ ಬೋರಲಾಗಿ ಬಿದ್ದಳು. ಮತ್ತೆ ಬಾಗಲಕೋಟೆ, ಅದೇ ಡಾಕ್ಟರು. "ಪುಡಿ ತೊಗೊಂಡೀಯೇನವಾ?" ಎಂದರು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ತೊಗೊಂಡೇನ್ರಿ. ಎರಡು ಡಬ್ಬಿ ಮುಗಿಸೇನಿ" ಎಂದಳು.

ಡಾಕ್ಟರ ಹುಬ್ಬು ಗಂಟಿಕ್ಕಿತು. ಎರಡು ಡಬ್ಬಿ ತಿಂದೂ ಹೀಗಾದರೆ ಒಳಗೆ ಬೇರೇನೋ ರೋಗವಿದೆ ಎಂದರು. ರಕ್ತ ತೆಗೆದರು. ಕ್ಷಯವಿರಬಹುದೆಂದು ಎದೆಯ ಫೋಟೋ ತೆಗೆಸಿದರು. ಮತ್ತೆ ರಕ್ತ ತೆಗೆದರು. ರಕ್ತವಿಲ್ಲದವಳಿಂದ ತೆಗೆದರು. ಕ್ಷಯವೆಂಬ ಮಾತು ಕೇಳಿದ್ದೇ ಅವ್ವ ಕೂಸನ್ನು ಅವಳ ಎದೆಯಿಂದ ಕಿತ್ತುಕೊಂಡು ಆಡಿನ ಹಾಲಿಗೆ ಹಚ್ಚಿದಳು. ಇಪ್ಪತ್ತು ದಿನ ಗಂಗವ್ವ ಕೂಸು ಅಳುವುದನ್ನು ಆಚೆ ಕೋಣೆಯಿಂದ ಕೇಳುತ್ತ ಮಲಗಿದಳು. ನಾನು ಒಂದೇ ಒಂದು ಮಾತು ಹೇಳಿದ್ದರೆ ಎಲ್ಲ ನಿಲ್ಲುತ್ತಿತ್ತು. ಹೇಳಲಿಲ್ಲ. ಡಾಕ್ಟರು ನನ್ನನ್ನು ನೋಡಿ ನಕ್ಕಾರು ಎಂಬುದಷ್ಟೇ ನನ್ನ ಭಯವಾಗಿತ್ತು.

ಆ ದಿನಗಳಲ್ಲೇ ಒಮ್ಮೆ ಬಾಗಲಕೋಟೆಯ ರೈಲು ನಿಲ್ದಾಣದ ತೂಕದ ಯಂತ್ರದ ಮೇಲೆ ನಿಂತೆ. ನಾಣ್ಯ ಹಾಕಿದರೆ ಒಂದು ಕಡೆ ತೂಕ, ಇನ್ನೊಂದು ಕಡೆ ಭವಿಷ್ಯ ಅಚ್ಚಾದ ಚೀಟಿ ಬೀಳುತ್ತಿತ್ತು. ತೂಕ ನಾಲ್ಕು ಕಿಲೋ ಏರಿತ್ತು. ಚೀಟಿಯ ಹಿಂದೆ, ನೀವು ಉದಾರ ಸ್ವಭಾವದವರು ಎಂದಿತ್ತು. ಯಂತ್ರಕ್ಕೂ ಒಂದು ನಾಲಗೆ ಇರುತ್ತದೆ, ಅದೂ ಕುಹಕದ್ದು.

ರೋಗ ಸಿಗಲಿಲ್ಲ, ಇದ್ದರಲ್ಲವೇ ಸಿಗಲು. ಗಂಗವ್ವ ಹೇಗೋ ಎದ್ದಳು, ಮತ್ತೆ ಮಗ್ಗಕ್ಕೆ ಕೂತಳು. ಕೂಸು ಮಾತ್ರ ಮತ್ತೆ ಅವಳ ಹಾಲಿಗೆ ಬರಲಿಲ್ಲ. ಬರುವುದಕ್ಕೆ ಹಾಲೂ ಉಳಿದಿರಲಿಲ್ಲ.

ಎಂಟೊಂಬತ್ತು ವರ್ಷವಾದ ಮೇಲೆ, ಹೋದ ವರ್ಷ, ಧೈರ್ಯ ಮಾಡಿ ಕೇಳಿದೆ. ಅವಳು ಆ ಹಳೆಯ ಪುಡಿಯ ಡಬ್ಬಿಯೊಳಗಿಂದ ನೂಲು ಸುತ್ತಿದ ಕಂಡಿಕೆಯೊಂದನ್ನು ತೆಗೆದು ಲಾಳಿಗೆ ಹಾಕುತ್ತಿದ್ದಳು. "ಅವತ್ತ ಡಾಕ್ಟರ ಮುಂದ ಯಾಕ ಸುಳ್ಳು ಹೇಳಿದಿ?"

ಲಾಳಿಯಿಂದ ಕಣ್ಣೆತ್ತದೆ ಹೇಳಿದಳು: "ಮದಲ ಸುಮ್ಮನ ಕುಂತಿದ್ನಲ್ಲರಿ. ನೀವು ಖರೆ ಹೇಳ್ತೀರೇನೋ ಅಂತ ಹಾದಿ ನೋಡಿದೆ."

ಅಷ್ಟೇ ಹೇಳಿ ನೇಯತೊಡಗಿದಳು. ಈಗ ರಾತ್ರಿ ಅವಳು ಉಂಡ ಮೇಲೆ ನಾನು ಉಣ್ಣುತ್ತೇನೆ, ಎರಡು ರೊಟ್ಟಿ ಕಡಿಮೆ ತಿನ್ನುತ್ತೇನೆ, ದಿನಾ ನಡೆಯುತ್ತೇನೆ. ಹೊಟ್ಟೆ ಇಳಿದಿದೆ, ಮೊನ್ನೆ ಕುಣಿಯಲ್ಲಿ ಕೂತು ನೋಡಿದರೆ ಮರಕ್ಕೂ ನನಗೂ ನಡುವೆ ಸರಿಯಾಗಿ ನಾಲ್ಕು ಬೆರಳು. ಗಂಗವ್ವನಿಗೂ ನನಗೂ ನಡುವೆ ಎಷ್ಟಿದೆಯೆಂದು ಇನ್ನೂ ಅಳೆದು ನೋಡಿಲ್ಲ.