ಕಿವಿಯ ತುದಿಯ ಬಣ್ಣ

ಮೊನ್ನೆ ಹೆಡಿಂಗ್ಲೀಯಿಂದ ಊರೊಳಗೆ ಹೋಗುವ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿಗೆ ಒಬ್ಬಳು ಹುಡುಗಿ ಬಂದು ಕೂತಳು. ಆಗಷ್ಟೇ ಹೆಣೆಸಿಕೊಂಡು ಬಂದಿದ್ದ ತಲೆ. ನೆತ್ತಿಗೆ ಅಂಟಿದಂತೆ ಸಾಲು ಸಾಲು ಸಣ್ಣ ಜಡೆಗಳು, ಗೆರೆ ಎಳೆದಂಥ ಬೈತಲೆಗಳು. ಹರಳು ಹುರಿದು ತೆಗೆದ ಎಣ್ಣೆಯ ವಾಸನೆ ಹಿಂದಿನವರೆಗೂ ಬಂತು. ಎಲ್ಲರಿಗೂ ಹಿಡಿಸುವಂಥದ್ದಲ್ಲ ಅದು, ಸ್ವಲ್ಪ ಸೀದಂತಿರುತ್ತದೆ. ನಾನು ಇಳಿಯಬೇಕಾದ ಸ್ಟಾಪು ದಾಟಿಯೇ ಹೋಯಿತು...

ಪಕ್ಕದ ಮನೆ ಆಂಟಿಯ ಅಡುಗೆಮನೆಯಲ್ಲಿ ಸದಾ ಇದೇ ವಾಸನೆ. ನಾವು ಲೀಡ್ಸ್‌ಗೆ ಬಂದ ಹೊಸದರಲ್ಲಿ ನಮ್ಮ ಯಜಮಾನರು ಆಸ್ಪತ್ರೆಯ ಪಾಳಿಪಟ್ಟಿ ಹಿಡಿದು ಓಡುತ್ತಿದ್ದರು. ಎರಡು ವರ್ಷದ ಮಗಳೊಂದಿಗೆ ಸಾಲುಮನೆಯಲ್ಲಿ ಒಬ್ಬಳೇ ಇರುತ್ತಿದ್ದ ನನ್ನನ್ನು ಮೊದಲು ಬಾಗಿಲು ತಟ್ಟಿ ಮಾತಾಡಿಸಿದವರು ಅವರು. ಜಮೈಕಾದಲ್ಲಿ ಹುಟ್ಟಿ, ಚಿಕ್ಕವರಿದ್ದಾಗಲೇ ಇಲ್ಲಿಗೆ ಬಂದವರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಹೆಸರು ಹಿಡಿದು ಕೂಗಲು ನನಗೆ ನಾಲಿಗೆ ಏಳಲಿಲ್ಲ. ಆಂಟಿ ಎಂದೆ. "ಅನ್ನು ಡಾರ್ಲಿಂಗ್, ಈ ಬೀದಿಗೆಲ್ಲ ನಾನೇ ಆಂಟಿ" ಎಂದು ನಕ್ಕರು.

ಶನಿವಾರ ಅವರ ಅಡುಗೆಮನೆಯಲ್ಲಿ ಜಡೆ ಹೆಣೆಯುವ ಕೆಲಸ. ಅವರ ಕಡೆಯ ಹೆಂಗಸರು ಮಕ್ಕಳನ್ನು ಕರೆದುಕೊಂಡು ಬರುತ್ತಿದ್ದರು. ಆಂಟಿ ಕುರ್ಚಿಯಲ್ಲಿ, ಮಗು ಅವರ ಎರಡು ಮೊಣಕಾಲುಗಳ ನಡುವೆ ದಿಂಬಿನ ಮೇಲೆ. ನಾನು ಉಪ್ಪಿಟ್ಟೋ ವಡೆಯೋ ತಟ್ಟೆಯಲ್ಲಿಟ್ಟುಕೊಂಡು ಹೋಗಿ ಮೂಲೆಯಲ್ಲಿ ಕೂರುತ್ತಿದ್ದೆ.

ಒಂದು ಶನಿವಾರ ಯಾರೋ ಒಂದು ತಿಂಗಳ ಹೆಣ್ಣುಕೂಸನ್ನು ಎತ್ತಿಕೊಂಡು ಬಂದರು. ಎಲ್ಲರೂ ಬಗ್ಗಿ ನೋಡಿದರು. ಅವರಲ್ಲೊಬ್ಬಾಕೆ ಕೂಸಿನ ಕಿವಿಯನ್ನು ಮೆಲ್ಲಗೆ ಮಡಿಚಿದಳು.

"ಈಗ ಬೆಳ್ಳಗಿದ್ರೇನು ಬಂತು, ಕಿವಿ ತುದಿ ನೋಡು. ಕೊನೆಗೆ ಆ ಬಣ್ಣಕ್ಕೇ ಬರೋದು."

"ಅಯ್ಯೋ, ಹಾಗಾದ್ರೆ ಅಪ್ಪನ ಬಣ್ಣ ಇಲ್ವಾ?"

"ಕೂದ್ಲಾದ್ರೂ ಅಪ್ಪಂದು ಬರ್ಲಿ ಅಂತ ಬೇಡ್ಕೊ."

ನಗು ಎದ್ದಿತು. ನಾನೂ ನಕ್ಕೆ. ದಾವಣಗೆರೆಯ ನರ್ಸಿಂಗ್ ಹೋಮಿನಲ್ಲಿ ನಮ್ಮತ್ತೆ ನನ್ನ ಮಗಳ ಕಿವಿಯನ್ನು ಹೀಗೆಯೇ ಮಡಿಚಿ ನೋಡಿ, ಕೂಸನ್ನು ನನ್ನ ಮಗ್ಗುಲಲ್ಲಿ ಮಲಗಿಸಿದ್ದರು. ಅದು ನಮ್ಮಲ್ಲಿ ಮಾತ್ರ ಅಂದುಕೊಂಡಿದ್ದೆ.

ಆಂಟಿ ನಗಲಿಲ್ಲ. ಬಾಚಣಿಗೆಯನ್ನು ಮೇಜಿನ ಮೇಲಿಟ್ಟರು. "ನನ್ನ ಅಡುಗೆಮನೇಲಿ ಕಿವಿ ನೋಡೋ ಹಾಗಿಲ್ಲ. ಜಡೆ ಬೇಕಾದೋರು ಕೂತ್ಕೊಳ್ಳಿ. ಕಿವಿ ನೋಡೋರು ಬಸ್ ಸ್ಟಾಪಲ್ಲಿ ಹೋಗಿ ನೋಡ್ಕೊಳ್ಳಿ."

ಎಲ್ಲರೂ ಹೋದ ಮೇಲೆ ಪಾತ್ರೆ ತೊಳೆಯುತ್ತಾ ಹೇಳಿದರು. ಅವರ ತಂಗಿ ಬೆಳ್ಳಗೆ, ಇವರು ಮನೆಯಲ್ಲಿ ಎಲ್ಲರಿಗಿಂತ ಕಪ್ಪು. ನೆಂಟರು ಬಂದರೆ ತಟ್ಟೆ ಹಿಡಿದು ಹೊರಗೆ ಬರುವವಳು ತಂಗಿ, ಒಳಗೆ ಮೀನು ಹುರಿಯುವವರು ಇವರು. ಇಲ್ಲಿಗೆ ಬಂದ ಮೇಲೂ ಅವರದೇ ಜನರ ಹುಡುಗರು ತಂಗಿಯ ಹೆಸರು ಕೇಳಿಕೊಂಡು ಬಂದು, ಇವರ ಕೈಗೆ ಕೋಟು ಕೊಡುತ್ತಿದ್ದರಂತೆ. "ಬೀದೀಲಿ ಬಿಳಿಯರ ಬಾಯಿಂದ ಅನ್ನಿಸ್ಕೊಂಡು ಮನೆಗೆ ಬರ್ತಿದ್ದೆ ಡಾರ್ಲಿಂಗ್. ಮನೇಲೂ ಅದೇ ಕಾದಿರೋದು. ಇನ್ನೆಲ್ಲಿಗೆ ಹೋಗ್ಲಿ?" ಹದಿನೆಂಟಕ್ಕೆ ಬಿಳುಪಿನ ಕ್ರೀಮು ಹಚ್ಚಲು ಶುರು ಮಾಡಿದರು. ಕಣ್ಣಿನ ಸುತ್ತ ಅವರಿಗಿದ್ದ ಬೂದು ಕಲೆ ಅದರದ್ದು. ಯಾವುದೋ ಕಾಯಿಲೆ ಎಂದು ತಿಳಿದು ನಾನು ಕೇಳಿರಲಿಲ್ಲ.

ಆಮೇಲೆ ಇನ್ನೂ ಸಣ್ಣ ದನಿಯಲ್ಲಿ... ಒಬ್ಬಳೇ ಮಗಳು, ಆರು ವರ್ಷದವಳಿದ್ದಾಗ, ಸ್ಕೂಲ್ ಫೋಟೋ ತೆಗೆಯುವ ವಾರ, ಅದೇ ಡಬ್ಬಿಯಿಂದ ತೆಗೆದು ಅವಳ ಕೆನ್ನೆಗೂ ತಿಕ್ಕಿದ್ದರು. "ನನಗಾದದ್ದು ಅವಳಿಗಾಗ್ಬಾರ್ದು ಅಂತ." ಕೆನ್ನೆ ಸುಟ್ಟು ಬೊಬ್ಬೆ ಬಂತು. ಗಾಯ ಮಾಯಿತು, ಮಗಳು ಮರೆಯಲಿಲ್ಲ. ದೊಡ್ಡವಳಾಗಿ ಮ್ಯಾಂಚೆಸ್ಟರಿಗೆ ಹೋದಳು. ಕ್ರಿಸ್‌ಮಸ್ಸಿಗೆ ಬಂದರೂ ತನ್ನ ಮಗಳನ್ನು ಒಂದು ಗಂಟೆಯೂ ಅಜ್ಜಿಯ ಬಳಿ ಒಂಟಿಯಾಗಿ ಬಿಡುತ್ತಿರಲಿಲ್ಲ. ಆಂಟಿಗೆ ಬದುಕಿನಲ್ಲಿ ಬೇಕಾಗಿದ್ದದ್ದು ಅದೊಂದೇ: ಮಗಳು ನಂಬಿ ಆ ಮಗುವನ್ನು ಬಿಟ್ಟುಹೋಗಬೇಕು.

ಮೊಮ್ಮಗಳಿಗೆ ಎಂಟು ತುಂಬಿದ ವರ್ಷ ಅದು ಕೂಡಿಬಂತು. ಸ್ಕೂಲಿಗೆ ಟರ್ಮಿನ ನಡುವಿನ ಒಂದು ವಾರದ ರಜೆ, ಮಗಳಿಗೆ ಕೆಲಸಕ್ಕೆ ರಜೆಯಿಲ್ಲ. "ನಾಲ್ಕು ದಿನ ಡಾರ್ಲಿಂಗ್! ನಾಲ್ಕು!" ಎಂದು ಬೇಲಿಯಾಚೆಯಿಂದ ಬೆರಳೆತ್ತಿ ತೋರಿಸಿದರು. ಹಿಂದಿನ ಕೋಣೆಗೆ ತಾವೇ ಬಣ್ಣ ಬಳಿದರು. ಹೊಸ ಹೊದಿಕೆ ತಂದು ಎರಡು ಸಲ ಒಗೆದರು, ಮೆತ್ತಗಾಗಲಿ ಎಂದು.

ನಾಲ್ಕನೆಯ ದಿನ ಭಾನುವಾರ. ನಮ್ಮ ಮನೆಯಲ್ಲಿ ಭಾನುವಾರವೆಂದರೆ ಎಣ್ಣೆಸ್ನಾನ. ಆಮೇಲೆ ಕಡಲೆಹಿಟ್ಟು, ಅರಿಶಿನ, ಹಾಲಿನ ಕೆನೆ ಕಲಸಿ ಮಗಳ ಮುಖ, ಕತ್ತು, ಕೈಗೆಲ್ಲ ಹಚ್ಚಿ ಒಣಗಿದ ಮೇಲೆ ಉಜ್ಜುತ್ತಿದ್ದೆ. ಅತ್ತೆ ಪ್ರತಿ ವಾರ ಫೋನಿನಲ್ಲಿ ಕೇಳುತ್ತಿದ್ದರು, "ಬಣ್ಣ ಒಂಚೂರು ತಿಳಿಯಾಯ್ತೇನೇ?" ಆಂಟಿಯ ಕತೆಯೆಲ್ಲ ಕೇಳಿ ಕಣ್ಣೊರೆಸಿಕೊಂಡವಳು ನಾನು. ಆದರೂ ನನ್ನ ಬಟ್ಟಲಿಗೂ ಆ ಡಬ್ಬಿಗೂ ಸಂಬಂಧವಿದೆಯೆಂದು ಹೊಳೆದಿರಲಿಲ್ಲ. ಅದು ಕ್ರೀಮು, ಇದು ಮನೆಯ ಹಿಟ್ಟು ಅಂದುಕೊಂಡಿದ್ದೆ.

ಆಡಲು ಬಂದಿದ್ದ ಮೊಮ್ಮಗಳು ಬಾತ್‌ಟಬ್ಬಿನ ಅಂಚಿನ ಮೇಲೆ ಕೂತು ನೋಡುತ್ತಿದ್ದಳು. "ಇದ್ಯಾಕೆ?"

"ಹಚ್ಕೊಂಡ್ರೆ ಬೆಳ್ಳಗಾಗ್ತಾರೆ ಪುಟ್ಟಿ."

"ನಾನೂ?"

ಯಾಕಾಗಬಾರದು ಎಂದೆ. ಅವಳ ಮುಖಕ್ಕೂ ಹಚ್ಚಿದೆ. ಮಿಕ್ಕಿದ್ದನ್ನು ಐಸ್‌ಕ್ರೀಮಿನ ಖಾಲಿ ಡಬ್ಬಿಗೆ ತುಂಬಿ ಕೈಗೆ ಕೊಟ್ಟು ಕಳಿಸಿದೆ. ಪ್ರೀತಿಯಿಂದಲೇ ಕೊಟ್ಟೆ.

ಸಾಯಂಕಾಲ ಅವಳಮ್ಮ ಕರೆದೊಯ್ಯಲು ಬಂದಳು. ನಮ್ಮೆರಡು ಮನೆಗೂ ನಡುವೆ ಒಂದೇ ಗೋಡೆ. ಮಗುವಿನ ದನಿ ಸ್ಪಷ್ಟವಾಗಿ ಕೇಳಿತು. "ನೋಡಮ್ಮಾ, ಸ್ಕೂಲ್ ಶುರುವಾಗೋ ಹೊತ್ತಿಗೆ ನಾನು ಬೆಳ್ಳಗಾಗಿರ್ತೀನಿ!"

ಆಮೇಲೆ ಆಂಟಿಯ ಮಗಳ ದನಿ. "ನನ್ನ ಕೆನ್ನೆ ಸುಟ್ಟಿದ್ದು ಸಾಲ್ಲಿಲ್ವಾ ನಿಂಗೆ?"

ನಾನು ಬಾಗಿಲ ತನಕ ಹೋದೆ. ಚಿಲಕಕ್ಕೆ ಕೈಯಿಟ್ಟೆ. ಅಮ್ಮ ಮಗಳ ಮಾತಿನ ನಡುವೆ ನಾನ್ಯಾಕೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಹೆದರಿದ್ದೆ. ಕಾರು ಹೊರಟ ಸದ್ದಾಗುವವರೆಗೂ ಅಲ್ಲೇ ನಿಂತಿದ್ದೆ...

ಮರುದಿನ ಹೋಗಿ ಅಳುತ್ತಾ ಹೇಳಿದೆ. ಆಂಟಿ ಬೈಯಲಿಲ್ಲ. ಮಗಳಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿ ನನ್ನ ಮುಂದಿಟ್ಟರು. ನಾನು ಹೇಳಿದ್ದನ್ನೆಲ್ಲ ಅವಳು ತಾಳ್ಮೆಯಿಂದ ಕೇಳಿದಳು.

"ಸರಿ, ನೀವು ಗೊತ್ತಿಲ್ದೆ ಮಾಡಿದ್ದು. ಆದ್ರೆ ಆ ಡಬ್ಬಿ ನೋಡಿದಾಗ, ಇದು ಅಮ್ಮ ಅಲ್ದೇ ಇರಬಹುದು ಅಂತ ನನಗೆ ಒಂದು ಕ್ಷಣಾನೂ ಅನ್ನಿಸ್ಲಿಲ್ಲ. ಅದಕ್ಕೆ ನಾನೇನ್ ಮಾಡ್ಲಿ, ಹೇಳಿ."

ಆಂಟಿ ಎದ್ದು ಹೋಗಿ, ತೊಳೆದಿಟ್ಟಿದ್ದ ಬಾಚಣಿಗೆಗಳನ್ನೇ ಮತ್ತೆ ತೊಳೆಯತೊಡಗಿದರು. ನಾನು ಹೊರಡುವಾಗ ಇಷ್ಟು ಹೇಳಿದರು: "ನಿನ್ನ ಮಗಳಿಗೆ ಇನ್ಮೇಲೆ ಬರೀ ಎಣ್ಣೆ ಹಚ್ಚು. ಅಷ್ಟು ಸಾಕು." ಹಾಗೇ ಮಾಡಿದೆ. ಅತ್ತೆಗೆ ಮಾತ್ರ ಹಚ್ಚುತ್ತಿದ್ದೇನೆ ಎಂದೇ ಹೇಳುತ್ತಿದ್ದೆ.

ಆ ಮಗು ಮತ್ತೆಂದೂ ಆ ಹಿಂದಿನ ಕೋಣೆಯಲ್ಲಿ ಮಲಗಲಿಲ್ಲ. ಕ್ರಿಸ್‌ಮಸ್ಸಿಗೆ ಬರುವುದು, ಊಟ ಮಾಡುವುದು, ಸಂಜೆಗೆ ಹೊರಡುವುದು. ವರ್ಷಗಳು ಹಾಗೇ ಕಳೆದವು. ಆಂಟಿಗೆ ಒಂದು ಕಡೆ ಸ್ವಾಧೀನ ತಪ್ಪಿದಾಗ ಬರ್ಮಿಂಗ್‌ಹ್ಯಾಮಿನಿಂದ ತಂಗಿ ಬಂದು ಕರೆದುಕೊಂಡು ಹೋದರು. ಕಳೆದ ಚಳಿಗಾಲ ಅಲ್ಲೇ ತೀರಿಕೊಂಡರು.

ಅಂತ್ಯಕ್ರಿಯೆಯ ದಿನ ಚರ್ಚಿನ ಬಾಗಿಲಲ್ಲಿ ಹಾಡುಗಳನ್ನು ಅಚ್ಚು ಹಾಕಿಸಿದ್ದ ಪುಸ್ತಿಕೆ ಕೊಟ್ಟರು. ಮುಖಪುಟದಲ್ಲಿದ್ದ ಹೆಂಗಸಿನ ಗುರುತು ನನಗೆ ಸಿಗಲಿಲ್ಲ. ಕೆಳಗಿನ ಹೆಸರು ಓದಿದ ಮೇಲೆಯೇ ತಿಳಿದದ್ದು. ಕಣ್ಣ ಸುತ್ತಿನ ಕಲೆ ಇಲ್ಲ. ಮುಖ ಹಾಲು ಹೆಚ್ಚಾದ ಚಹಾದ ಬಣ್ಣ. ಆಂಟಿಯ ಮಗಳು ಪಕ್ಕಕ್ಕೆ ಬಂದು ನಿಂತಳು.

"ಚಿಕ್ಕಮ್ಮ ಫೋಟೋ ತಿದ್ದಿಸಿದ್ದು. ಚೆನ್ನಾಗಿ ಕಾಣ್ಲಿ ಅಂತ. ಪ್ರೀತಿಯಿಂದಾನೇ," ಎಂದಳು. ಪುಸ್ತಿಕೆಯನ್ನು ಮಡಿಚಿ ಕೋಟಿನ ಜೇಬಿಗೆ ಹಾಕಿದಳು. "ನಿಮ್ಮ ಹತ್ರ ಅಮ್ಮನ ಫೋಟೋ ಇರುತ್ತಲ್ವಾ? ಅವಳದೇ ಬಣ್ಣದ್ದು. ನಮ್ಮಲ್ಲಿ ಇರೋದ್ರಲ್ಲೆಲ್ಲ ಪೌಡರ್ ಬಳ್ಕೊಂಡಿದಾಳೆ. ನನಗೆ ಬೇಕು."

ಬೇಕಾದಷ್ಟಿವೆ, ಕಳಿಸುತ್ತೇನೆ ಎಂದೆ. ಹದಿನಾರು ವರ್ಷ ಒಂದೇ ಗೋಡೆಗೆ ಬೆನ್ನು ಕೊಟ್ಟು ಬದುಕಿದವರು, ಇಲ್ಲದೆ ಏನು?

ಆಲ್ಬಮ್ಮುಗಳನ್ನೆಲ್ಲ ಇಳಿಸಿ ನೋಡಿದೆ. ಹಳೆಯ ಫೋನುಗಳನ್ನು ಚಾರ್ಜಿಗಿಟ್ಟು ನೋಡಿದೆ. ನನ್ನ ಮಗಳ ಹುಟ್ಟುಹಬ್ಬಗಳು, ಹಿತ್ತಲಲ್ಲಿ ದೀಪಾವಳಿ, ಮೊದಲ ಹಿಮ... ಎಲ್ಲದರಲ್ಲೂ ಅವರಿದ್ದರು, ನನಗೆ ಚೆನ್ನಾಗಿ ನೆನಪಿದೆ. ಆದರೆ ಕ್ಯಾಮೆರಾ ಹೊರಗೆ ಬಂದ ಕೂಡಲೇ ಕೈ ಚಾಚುತ್ತಿದ್ದರು. "ಕೊಡಿಲ್ಲಿ, ನೀವೆಲ್ಲ ಒಟ್ಟಿಗೆ ನಿಂತ್ಕೊಳ್ಳಿ, ನಾನು ತೆಗೀತೀನಿ." ನಾವೂ ಖುಷಿಯಿಂದ ಕೊಡುತ್ತಿದ್ದೆವು. ನೀವೂ ಬನ್ನಿ ಎಂದು ಒಮ್ಮೆಯೂ ಎಳೆದು ನಿಲ್ಲಿಸಿಕೊಳ್ಳಲಿಲ್ಲ.

"ಸಿಕ್ತಾ?" ಎಂದು ಆಂಟಿಯ ಮಗಳ ಮೆಸೇಜು ಬಂದು ಮೂರು ವಾರವಾಯಿತು. ಏನು ಬರೆಯಬೇಕೆಂದು ತಿಳಿಯದೆ ಹಾಗೇ ಇಟ್ಟಿದ್ದೇನೆ. ಅವರು ತೆಗೆದ ನಮ್ಮ ಫೋಟೋಗಳು ರಾಶಿ ಬಿದ್ದಿವೆ. ಅವರದು ಒಂದೂ ಇಲ್ಲ.